ಶಿವಲೀಲಾ ಮುಚ್ಚಿದ ಗೇಟು

ಆದವಾನಿಯ ಹತ್ತಿ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಉಚ್ಚಮ್ಮನ ಮನೆ ಇದೆ. ಕೆಳಗೆ ಉಚ್ಚಮ್ಮ ಜೋಳದ ರೊಟ್ಟಿ ಬಡಿದು ಯಾರ್ಡಿನ ಹಮಾಲರಿಗೆ ಮಾರುತ್ತಾಳೆ. ಮೇಲೆ ಇರುವುದು ಒಂದೇ ಕೋಣೆ. ಅದರಲ್ಲಿ ಏಳು ವರ್ಷದಿಂದ ಶಿವಲೀಲಾ ಬಾಡಿಗೆಗೆ ಇದ್ದಾಳೆ.

ಶಿವಲೀಲಾಗೆ ಈಗ ಮೂವತ್ತಾರು. ಮದುವೆಯ ಮಾತು ನಾಲ್ಕು ಸಲ ಬಂದು ನಾಲ್ಕು ಸಲವೂ ನಿಂತುಹೋಯಿತು. ಐದನೆಯ ಸಲ ಯಾರೂ ಬರಲಿಲ್ಲ, ಅವಳೂ ದಾರಿ ನೋಡಲಿಲ್ಲ. ತವರು ಹಾಲಹರವಿ ಕಡೆಯ ಹಳ್ಳಿ, ಕುರಿ ಸಾಕುವ ಮನೆತನ. ಸುಗ್ಗಿ ಮುಗಿಯುತ್ತಲೇ ಅಣ್ಣ ಸುಂಕಣ್ಣ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕುರಿ ಹೊಡೆದುಕೊಂಡು ಕಾಲುವೆ ಸೀಮೆಗೆ ಹೋದನೆಂದರೆ ಮಳೆ ಬೀಳುವ ತನಕ ಮನೆಗೆ ಬೀಗ. ತವರಿಗೆ ಹೋಗಬೇಕೆಂದರೆ ಕುರಿ ಇವತ್ತು ಯಾರ ಹೊಲದಲ್ಲಿ ಕೂತಿವೆ ಎಂದು ಮೊದಲು ಫೋನ್ ಮಾಡಿ ಕೇಳಿಕೊಳ್ಳಬೇಕು.

ಅವಳ ಕೆಲಸ ವೆಬ್‌ಸೈಟ್ ಮಾಡುವುದು. ಬಿಡಿಸಿ ಹೇಳುವುದಾದರೆ, ಅಂಗಡಿಯ ಮುಂದೆ ಬೋರ್ಡ್ ಇರುವ ಹಾಗೆ ಫೋನಿನೊಳಗೂ ಒಂದು ಬೋರ್ಡ್ ಇರುತ್ತದೆ. ಅಂಗಡಿ ಯಾವುದು, ಎಲ್ಲಿದೆ, ಏನು ಸಿಗುತ್ತದೆ, ಇವತ್ತಿನ ರೇಟು ಎಷ್ಟು ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಬೋರ್ಡ್ ಬರೆಯುವ ಪೇಂಟರನನ್ನು ಏಣಿಯ ಮೇಲೆ ನಾಲ್ಕು ಜನ ನೋಡುತ್ತಾರೆ, ಚಹಾ ಕೊಡುತ್ತಾರೆ. ಇದನ್ನು ಬರೆಯುವವಳನ್ನು ಯಾರೂ ನೋಡುವುದಿಲ್ಲ. ಹದಿನೇಳು ಮಾಡಿದ್ದಳು. ಸೀರೆ ಅಂಗಡಿಯದು, ಕಲ್ಯಾಣ ಮಂಟಪದ್ದು, ಹಲ್ಲಿನ ಡಾಕ್ಟರದ್ದು, ಇನ್ನೂ ಏನೇನೋ. ಓಣಿಯವರ ಲೆಕ್ಕದಲ್ಲಿ ಅವಳು ಮನೆಯಲ್ಲಿ ಕೂತು ಫೋನ್ ನೋಡುವವಳು, ಅಷ್ಟೇ.

ಈ ಕಸುಬಿನಲ್ಲಿ ಹೆಸರು ಬರುವ ದಾರಿ ಬೇರೆ. ಯಾರ್ಡಿನಲ್ಲಿ ಹತ್ತಿ ಕೊಳ್ಳುವವನು ರಾಶಿಯ ಮೇಲಿನದನ್ನು ನಂಬುವುದಿಲ್ಲ. ಮೊಣಕೈ ತನಕ ಕೈ ತೂರಿಸಿ ಒಳಗಿನ ಅರಳೆ ಎಳೆದು, ಬೆರಳಲ್ಲಿ ಹಿಂಜಿ ನೋಡಿ, ಆಮೇಲೆ ಮಾತಾಡುತ್ತಾನೆ. ವೆಬ್‌ಸೈಟ್ ಮಾಡುವವರನ್ನು ಆರಿಸುವ ಕಂಪನಿಯವರು ಹಾಗಲ್ಲ. ಅವರು ಎಲ್ಲೋ ಕಾಣದ ಊರಿನಲ್ಲಿ ಕೂತು, ಕಳಿಸಿದ ಮಾದರಿ ತೆರೆದು, ಮೇಲೆ ಮೇಲೆ ನಾಲ್ಕು ಕಡೆ ಒತ್ತಿ ನೋಡಿ ಮುಚ್ಚುತ್ತಾರೆ. ಆ ಒಂದು ನಿಮಿಷದಲ್ಲಿ ಹೆಸರು ಬಂತೆಂದರೆ ಬಂತು.

ಮೂರು ವರ್ಷದ ಹಿಂದೆ ಭೀಮಲಿಂಗಪ್ಪನ ಜಿನ್ನಿಂಗ್ ಮಿಲ್ಲಿನ ಕೆಲಸ ಸಿಕ್ಕಿತು. ಭೀಮಲಿಂಗಪ್ಪ ಹತ್ತಿ ಕೊಂಡು ಕಾಳು ಬಿಡಿಸುವ ಮಿಲ್ಲಿನ ಮಾಲೀಕ, ದೊಡ್ಡ ದನಿಯ ಮನುಷ್ಯ. ಅವನು ಕೇಳಿದ್ದು ಇಷ್ಟೇ: ದಿನಾ ಬೆಳಿಗ್ಗೆ ಮಿಲ್ಲಿನ ರೇಟು ಫೋನಿನಲ್ಲಿ ಕಾಣಬೇಕು, ರೈತರು ಊರಿನಲ್ಲೇ ನೋಡಿಕೊಂಡು ಹತ್ತಿ ತುಂಬಬೇಕು. ಶಿವಲೀಲಾ ಮಾಡಿಕೊಟ್ಟಳು. ಗುಮಾಸ್ತ ಒಂಬತ್ತು ಗಂಟೆಗೆ ರೇಟು ಹಾಕುತ್ತಿದ್ದ, ಪುಟದ ನಡುವೆ ಅದು ದಪ್ಪಗೆ ಕಾಣುತ್ತಿತ್ತು. ಕೋಸಗಿ ರಸ್ತೆಯ ಬಸ್ಸಿನಲ್ಲಿ ಸಿಗ್ನಲ್ ಹೋಗಿ ಬಂದು ಮಾಡುವ ಕಡೆಯೆಲ್ಲ ಕೂತು, ಅತಿ ಅಗ್ಗದ ಫೋನಿನಲ್ಲೂ ತೆರೆಯುತ್ತದೆಯೇ ಎಂದು ನೋಡಿ ನೋಡಿ ಸರಿಪಡಿಸಿದ್ದಳು. ಮೂರು ಎಣಿಸುವುದರೊಳಗೆ ಬರಬೇಕು, ನಾಲ್ಕಾದರೆ ಮತ್ತೆ ಬಿಚ್ಚಿ ಜೋಡಿಸುತ್ತಿದ್ದಳು.

ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಇಲ್ಲಿನ ಹಮಾಲರು ಚೀಲ ಎತ್ತುವುದಿಲ್ಲ. ಮಿಲ್ಲಿನಲ್ಲಿ ತೂಕದ ಕಾಟಾಕ್ಕೆ ಪೂಜೆ ಮಾಡಿ, ಬೂದುಗುಂಬಳ ಒಡೆದು, ಗೇಟು ಹಾಕುತ್ತಾರೆ. ಗುಮಾಸ್ತನೂ ರಜೆ. ಫೋನಿನಲ್ಲಿ ಮಾತ್ರ ಹಿಂದಿನ ದಿನದ ರೇಟು ಹಾಗೇ ಉಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಐದು ಟ್ರ್ಯಾಕ್ಟರ್ ಹತ್ತಿ ಬಂದು ನಿಂತವು. ಭೀಮಲಿಂಗಪ್ಪ ಫೋನ್ ಮಾಡಿ ಕಿರುಚಿದ. ಶಿವಲೀಲಾ ಆಟೋ ಹತ್ತಿ ಓಡಿ ಬಂದಳು.

ಟ್ರ್ಯಾಕ್ಟರಿನ ನೆರಳಿನಲ್ಲಿ ಕೂತಿದ್ದ ಯರ್ರೆಪ್ಪ ಹಾಲಹರವಿ ಕಡೆಯವನು, ಐದೆಕರೆಯ ರೈತ. ಅವಳು ಬಂದವಳೇ ಅವನನ್ನು ಕೇಳಿದಳು.

"ಅಮಾಸಿ ಅಂತ ಗೊತ್ತಿದ್ದಿಲ್ಲೇನಣ್ಣ?"

"ಅಮಾಸಿ ಗೊತ್ತಿಲ್ದವ್ನು ರೈತ ಏನ್ಬೇ? ಎತ್ತು ಕಟ್ಟಾಂಗಿಲ್ಲ ಅಂತ ಟ್ರ್ಯಾಕ್ಟರ್ ತಗಂಡು ಬಂದೀನಿ. ಬ್ಯಾರೆ ಮಿಲ್ಲಿನಾಗ ಬಿಹಾರದ ಹಮಾಲ್ರು ಬಂದ ಮ್ಯಾಲ ಅಮಾಸಿನೂ ಇಲ್ಲ ಹುಣ್ಣಿವಿನೂ ಇಲ್ಲ. ಇಲ್ಲೂ ಗೇಟು ತೆಗ್ದಾರ ಅಂತ ತಿಳ್ಕಂಡ್ವಿ. ಫೋನಿನಾಗ ರೇಟು ಐತಲ್ಲ!"

"ಮ್ಯಾಲ ವಾರದ ಹೆಸ್ರು ಬರದಿತ್ತಲ್ಲ. ನಿನ್ನೆದು ಅಂತ."

"ನಂಗ ಅಕ್ಷರ ಬರಲ್ಲ ತಂಗಿ. ಅಂಕಿ ಬರ್ತೈತಿ. ಅಂಕಿ ನೋಡಿದೆ, ಗಾಡಿ ತುಂಬಿದೆ."

ಪಕ್ಕದ ಟ್ರ್ಯಾಕ್ಟರಿನವನು ನಕ್ಕ. "ಸಾವ್ಕಾರ ಗೇಟು ಹಾಕ್ಯಾನ, ಈಯಮ್ಮ ಗೇಟು ತೆರದಾಳ. ಇಬ್ರೂ ಮಾತಾಡಿಕೊಂಡು ಹೇಳ್ರೆಪ್ಪ, ನಾವು ಒಳಗ ಹೋಗೋದೋ ಹೊರಗ ಇರೋದೋ."

ಆ ದಿನ ಐವರೂ ಸಂಜೆಯ ತನಕ ಬಿಸಿಲಿನಲ್ಲಿ ಕೂತು, ಮರುದಿನ ತೂಕ ಹಾಕಿಸಿಕೊಂಡು ಹೋದರು. ಟ್ರ್ಯಾಕ್ಟರಿನ ಎರಡು ದಿನದ ಬಾಡಿಗೆ ಅವರ ಮೈಮೇಲೆ ಬಿತ್ತು.

ಇನ್ನು ಅಮಾವಾಸ್ಯೆಗೆ ಹೀಗಾಗದು ಎಂದು ಭೀಮಲಿಂಗಪ್ಪನಿಗೆ ಮಾತು ಕೊಟ್ಟು, ಶಿವಲೀಲಾ ಯರ್ರೆಪ್ಪನ ಮಾತನ್ನು ಮನೆಗೆ ಹೊತ್ತು ತಂದಳು. ಅಂಕಿ ಕಂಡರೆ ಅವನು ಬರುತ್ತಾನೆ, ಬೇರೆ ಏನು ಬರೆದರೂ ಅದು ಗೆರೆ. ಹಾಗಾದರೆ ಅಮಾವಾಸ್ಯೆಗೆ ಅಂಕಿಯೇ ಇರಬಾರದು. ಮಿಲ್ಲಿನದೇ ಹಸಿರು ಗೇಟಿನ ಮುಂದೆ ನಿಂತು, ಸರಪಳಿ ಬಿಗಿದು ಬೀಗ ಹಾಕಿದ್ದಾಗ ಫೋಟೋ ತೆಗೆದಳು. ಅಮಾವಾಸ್ಯೆಯ ದಿನ ಆ ಪುಟ ತೆರೆದರೆ ಫೋನಿನ ತುಂಬ ಆ ಗೇಟು ಒಂದೇ. ಕೆಳಗೆ ಎಳೆದರೂ ಏನಿಲ್ಲ, ಒತ್ತಿದರೂ ಏನಿಲ್ಲ. ಯುಗಾದಿಗೆ ಹೊಸ ಪಂಚಾಂಗ ತಂದು ವರ್ಷದ ಅಮಾವಾಸ್ಯೆಗಳನ್ನೆಲ್ಲ ಒಂದೇ ಸಲ ಹಾಕಿಟ್ಟಳು. ಅಂದಿನಿಂದ ಅದು ತಾನೇ ಮುಚ್ಚುತ್ತಿತ್ತು, ಮರುದಿನ ತಾನೇ ತೆರೆಯುತ್ತಿತ್ತು. ಒಂದು ಟ್ರ್ಯಾಕ್ಟರೂ ಸುಮ್ಮನೆ ಬರಲಿಲ್ಲ. ಭೀಮಲಿಂಗಪ್ಪನೂ ಆ ವಿಷಯ ಮರೆತ. ಸುಸೂತ್ರವಾಗಿ ನಡೆಯುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳೇ ಮರೆತಳು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹೈದರಾಬಾದಿನ ಒಂದು ಕಂಪನಿಯವರು ಹೊರಗಿನವರನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತೇವೆಂದು ತಿಳಿಸಿದರು. ಪಟ್ಟಿಯಲ್ಲಿ ಹೆಸರು ಬಂದರೆ ಊರೂರಿನ ಕೆಲಸ ಇದ್ದಲ್ಲಿಗೇ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಪಟ್ಟಿಯಲ್ಲಿ ಇರುವವರೆಲ್ಲ ಒಬ್ಬರ ಕೆಲಸ ಒಬ್ಬರು ನೋಡಿ, ಇದು ಹೀಗೇಕೆ, ಅದು ಹಾಗೇಕೆ ಎಂದು ಮಾತಾಡಿಕೊಳ್ಳುತ್ತಾರೆ. ಶಿವಲೀಲಾಗೆ ಬೇಕಿದ್ದುದು ಅದು. ಹದಿನೇಳು ಮಾಡಿದ್ದರೂ ಒಂದರ ಬಗ್ಗೆಯೂ ತಿಳಿದವರ ಜೊತೆ ಹತ್ತು ನಿಮಿಷ ಮಾತಾಡಿದವಳಲ್ಲ.

ಐದು ಮಾದರಿ ಕಳಿಸಿ ಎಂದಿದ್ದರು. ಎಲ್ಲಕ್ಕಿಂತ ಮೇಲೆ ಮಿಲ್ಲಿನದನ್ನು ಇಟ್ಟಳು. ಒಂದು ವಾರದೊಳಗೆ ನೋಡುತ್ತೇವೆ ಎಂದರು. ಆ ವಾರದಲ್ಲಿ ಅಮಾವಾಸ್ಯೆ ಇತ್ತು. ಪಂಚಾಂಗ ತಲೆಯ ಮೇಲಿನ ಮೊಳೆಗೇ ತೂಗುತ್ತಿತ್ತು, ಆದರೂ ಅವಳ ಬುದ್ಧಿಗೆ ಅದು ಹೊಳೆಯಲಿಲ್ಲ. ಅಮಾವಾಸ್ಯೆಯ ದಿನ ಕೂತು ಹೊಸಬರನ್ನು ಆರಿಸುವವರು ಇರುತ್ತಾರೆ ಎಂದು ಈ ಸೀಮೆಯ ಯಾರಿಗೆ ತಾನೇ ಹೊಳೆದೀತು! ಅವಳೂ ಆ ದಿನ ಹೊಸ ಕೆಲಸ ಮುಟ್ಟದೆ ತಲೆಗೆ ನೀರು ಹಾಕಿಕೊಂಡು ಬಟ್ಟೆ ಒಗೆದಳು.

ಉತ್ತರ ಎರಡು ಸಾಲು. ಮೊದಲ ಮಾದರಿ ಕೆಲಸ ಮಾಡುತ್ತಿಲ್ಲ, ಬೀಗ ಹಾಕಿದ ಚಿತ್ರ ಒಂದು ಬಿಟ್ಟು ಏನೂ ತೆರೆಯಲಿಲ್ಲ. ಸದ್ಯಕ್ಕೆ ಸೇರಿಸಿಕೊಳ್ಳಲಾಗದು.

ಓದಿದವಳು ಅದನ್ನು ಹಿಡಿದುಕೊಂಡು ಮೆಟ್ಟಿಲು ಇಳಿದಳು. ಹೇಳಿಕೊಳ್ಳಲು ಇದ್ದವಳು ಉಚ್ಚಮ್ಮ ಒಬ್ಬಳೇ.

"ಅವ್ವ, ನನ್ನ ಬ್ಯಾಡ ಅಂದ್ರು."

"ಯಾರಬೇ? ಗಂಡಿನ ಕಡ್ಯಾರಾ?"

"ಅಲ್ಲವ್ವ, ಕಂಪನ್ಯಾರು. ಗೇಟು ಮುಚ್ಚಿತ್ತಂತ."

ಉಚ್ಚಮ್ಮ ಬಡಿಯುತ್ತಿದ್ದ ರೊಟ್ಟಿ ನಿಲ್ಲಿಸಲಿಲ್ಲ. "ಅಮಾಸಿಗೆ ಮುಚ್ಚದ ಇರ್ತೈತಾ ಮತ್ತ? ಅದ್ರಾಗ ಬ್ಯಾಡನ್ನೋದು ಏನೈತಿ? ನಾಳೆ ಬರ್ರಿ ಅಂತ ಹೇಳು."

ಶಿವಲೀಲಾ ಮೇಲೆ ಹೋಗಿ ಒಂದು ಕಾಗದ ಬರೆದಳು. ಗೇಟು ಏಕೆ ಮುಚ್ಚುತ್ತದೆ, ಐದು ಟ್ರ್ಯಾಕ್ಟರು, ಯರ್ರೆಪ್ಪ ಆಡಿದ ಮಾತು, ಒಂದನ್ನೂ ಬಿಡದೆ, ಒಂದನ್ನೂ ಹೆಚ್ಚು ಮಾಡದೆ. ಯಾರೂ ಓದಲಿಕ್ಕಿಲ್ಲ ಎಂದುಕೊಂಡೇ ಕಳಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಫೋನ್ ಬಂತು. ಆ ಕಡೆಯಿಂದ ಒಬ್ಬ ಹುಡುಗಿ ತೆಲುಗಿನಲ್ಲಿ ಮಾತಾಡಿದಳು. ಹೆಸರು ಹಾರಿಕಾ, ಮಾದರಿಗಳನ್ನು ಜೋಡಿಸಿ ದೊಡ್ಡವರ ಮುಂದೆ ಇಡುವುದು ಅವಳ ಕೆಲಸ.

"ನಿಮ್ಮ ಕಾಗದ ಓದಿದೆ, ಮೇಡಂ. ಮಿಲ್ಲಿನ ಪುಟ ಮತ್ತೆ ತೆರೆದು ನೋಡಿದೆ. ಇಷ್ಟು ಬೇಗ ತೆರೆಯುವುದನ್ನು ನಾನು ನೋಡಿಲ್ಲ. ಅಕ್ಷರ ಬಾರದವರಿಗೆ ಎಂದು ಯಾರು ಹೇಳಿದರು ನಿಮಗೆ?"

"ಯಾರೂ ಹೇಳಲಿಲ್ಲ. ಕೇಳಿದೆ."

ಆ ಕಡೆ ಹಾರಿಕಾ ಕೀಲಿ ಒತ್ತಿ ಅದನ್ನು ಬರೆದುಕೊಂಡ ಸದ್ದು ಕೇಳಿತು. ಶಿವಲೀಲಾ ಫೋನ್ ಕಿವಿಗೆ ಒತ್ತಿಕೊಂಡೇ ನಿಂತಿದ್ದಳು. ತನ್ನ ಕೆಲಸದ ಬಗ್ಗೆ ತಿಳಿದವರೊಬ್ಬರು ಹೀಗೆ ಕೇಳಿದ್ದು ಅದೇ ಮೊದಲು.

"ಒಂದು ಅವಕಾಶ ಕೇಳಿದ್ದೇನೆ. ಒಪ್ಪಿದ್ದಾರೆ. ಮುಂದಿನ ಮೂವತ್ತು ದಿನದಲ್ಲಿ ಯಾವ ದಿನವಾದರೂ ತೆರೆದು ನೋಡುತ್ತಾರೆ. ನಕಲು ಕಳಿಸಿದರೆ ಆಗದು, ರೈತರು ನೋಡುವ ಪುಟವೇ ಯಾವಾಗ ನೋಡಿದರೂ ತೆರೆದಿರಬೇಕು, ಅಷ್ಟೇ. ಕಾರಣ ಕೇಳುವವರಲ್ಲ ಅವರು. ನಾನು ಹೇಳಲು ಹೋದೆ, ಕೇಳಲಿಲ್ಲ."

"ಮಿಲ್ಲಿನದು ಬಿಟ್ಟು ಸೀರೆ ಅಂಗಡಿದು ಮೊದಲು ಇಟ್ಟರೆ?"

"ಅದು ಎಲ್ಲರದರ ಹಾಗೇ ಇದೆ, ಮೇಡಂ. ಅದಕ್ಕಾದರೆ ನಾನು ಫೋನ್ ಮಾಡುತ್ತಿರಲಿಲ್ಲ."

ಫೋನ್ ಇಟ್ಟ ಮೇಲೆ ಶಿವಲೀಲಾ ಪಂಚಾಂಗ ಇಳಿಸಿದಳು. ಮೂವತ್ತು ದಿನ ಅಂದ ಮೇಲೆ ನೋಡುವುದು ಏನಿದೆ, ಎಲ್ಲಿಂದ ಹಿಡಿದರೂ ಒಂದು ಅಮಾವಾಸ್ಯೆ ಒಳಗೆ ಬೀಳುತ್ತದೆ. ಇಪ್ಪತ್ತನೆಯ ದಿನಕ್ಕೆ ಬಿದ್ದಿತ್ತು.

ಮೊದಲು ಭೀಮಲಿಂಗಪ್ಪನ ಹತ್ತಿರ ಹೋದಳು. ಮಾತು ಕೊಟ್ಟವಳು ಕೇಳಿಯೇ ಬದಲಿಸಬೇಕಲ್ಲ. ದಾರಿಯುದ್ದಕ್ಕೂ ಹೇಗೆ ಕೇಳಲಿ ಎಂದು ಮಾತು ಜೋಡಿಸಿಕೊಂಡಿದ್ದಳು. ಅವನು ಕಾಟಾದ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ.

"ಸಾವ್ಕಾರ್ರ, ಈ ಸಲ ಒಂದು ಅಮಾಸಿ ನಮ್ಮ ಗೇಟು ತೆರದು ಇಡಬೇಕಾಗೇತಿ."

"ಯಾವ ಗೇಟು?"

"ಫೋನಿನಾಗಿಂದು. ಅಮಾಸಿಗೆ ಮುಚ್ತೈತಲ್ರಿ, ನೀವೇ ಬೈದಿದ್ರಿ."

"ಓ, ಅದಾ! ಇನ್ನಾ ಮುಚ್ತಿಯಾ?" ಎಂದು ಭೀಮಲಿಂಗಪ್ಪ ಗಟ್ಟಿಯಾಗಿ ನಕ್ಕ. "ತೆರದಿಡು ಹೋಗು ತಂಗಿ. ಇದನ್ನ ಕೇಳಾಕ ಆಟೋ ಮಾಡ್ಕಂಡು ಬಂದ್ಯಾ?"

"ಯಾರಾರ ಗಾಡಿ ತುಂಬ್ಕಂಡು ಬಂದ್ರ?"

"ಬಂದ್ರ ಕುಂದರ್ತಾರ. ಮಂದೀಗ ಕುಂದ್ರೋದು ಹೊಸದಾ?"

ಬೇಡ ಎನ್ನುತ್ತಾನೆ ಎಂದು ಹೆದರಿ ಹೋದವಳು, ಆಗಲಿ ಅಂದದ್ದಕ್ಕೆ ಕುಗ್ಗಿ ಹಿಂದೆ ಬಂದಳು. ಯಾರಿಗೆ ಮಾತು ಕೊಟ್ಟೆ ಎಂದುಕೊಂಡು ಎರಡು ವರ್ಷ ಅದನ್ನು ಉಳಿಸಿಕೊಂಡಳೋ, ಅವನಿಗೆ ಅದು ನೆನಪಿನಲ್ಲೂ ಇರಲಿಲ್ಲ. ಈಗ ಗೇಟು ಮುಚ್ಚುವುದೂ ತೆರೆಯುವುದೂ ಅವಳೊಬ್ಬಳ ಪಾಲಿಗೆ ಉಳಿಯಿತು.

ಎರಡನ್ನೂ ಉಳಿಸುವ ದಾರಿ ಇದೆಯೇ ಎಂದು ಹುಡುಕಿದಳು. ಗೇಟು ಮೇಲೆ ಇರಲಿ, ಉಳಿದದ್ದೆಲ್ಲ ಕೆಳಗೆ ಇರಲಿ ಎಂದು ಮೂರು ದಿನ ಕೂತು ಬೇರೆ ಥರ ಮಾಡಿದಳು. ಚಂದ ಬಂತು. ಅದನ್ನು ಫೋನಿನಲ್ಲಿ ಹಾಕಿಕೊಂಡು ಕೆಳಗೆ ಹೋಗಿ ಉಚ್ಚಮ್ಮನ ಕೈಗೆ ಕೊಟ್ಟಳು. ಉಚ್ಚಮ್ಮನಿಗೂ ಅಕ್ಷರ ಬಾರದು, ಅಂಕಿ ಬರುತ್ತದೆ.

"ಅವ್ವ, ಇವತ್ತು ಮಿಲ್ಲು ತೆಗ್ದೈತಾ ಮುಚ್ಚೈತಾ, ನೋಡಿ ಹೇಳು."

ಉಚ್ಚಮ್ಮ ಹಿಟ್ಟಿನ ಕೈ ಒರೆಸಿಕೊಂಡು, ಬೆರಳಿನಿಂದ ಗೇಟನ್ನು ಮೇಲಕ್ಕೆ ತಳ್ಳಿ, ಕೆಳಗಿನ ಅಂಕಿ ಹುಡುಕಿ ತೆಗೆದಳು. "ಏಳು ಸಾವಿರದ ಇನ್ನೂರು. ತೆಗ್ದೈತಲ್ಲ!"

"ಮ್ಯಾಲ ಬೀಗ ಕಾಣ್ಲಿಲ್ಲೇನು?"

"ಕಂಡ್ತು. ಬೀಗ ಯಾವ ಗೇಟಿಗಿರಲ್ಲಬೇ? ರೇಟು ಹೇಳ್ಯಾರ ಅಂದ್ರ ಒಳಗ ಯಾರೋ ಅದಾರ."

ಮೂರು ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನೊಂದು ದಾರಿಯೂ ಅವಳಿಗೆ ಗೊತ್ತಿತ್ತು. ಹೈದರಾಬಾದಿನಿಂದ ನೋಡುವವರಿಗೆ ತೆರೆದ ಪುಟ, ಇಲ್ಲಿಯವರಿಗೆ ಮುಚ್ಚಿದ ಗೇಟು. ಅರ್ಧ ಗಂಟೆಯ ಕೆಲಸ. ಮಾಡಲು ಕೂತು ಕೈ ತೆಗೆದಳು. ಕೋಸಗಿ ಕಡೆಯಿಂದ ಕೂಲಿಗೆ ಹೋದ ಎಷ್ಟೋ ಮಕ್ಕಳು ಹೈದರಾಬಾದಿನಲ್ಲೇ ಇದ್ದಾರೆ. ಅಪ್ಪನ ಫೋನಿನಲ್ಲಿ ದುಡ್ಡು ಹಾಕಿಸದಿದ್ದಾಗ ಮಗ ಅಲ್ಲಿಂದ ರೇಟು ನೋಡಿ, ಅಪ್ಪಾ ಇವತ್ತು ಒಯ್ಯಿ ಎಂದು ಹೇಳುತ್ತಾನೆ. ಅವರನ್ನೂ ಕಂಪನಿಯವರನ್ನೂ ಬೇರೆ ಮಾಡಿ ಗುರುತಿಸುವುದು ಅವಳ ಕೈಯಲ್ಲಿ ಆಗುವ ಮಾತಲ್ಲ.

ಹತ್ತೊಂಬತ್ತು ದಿನ ಪುಟ ತೆರೆದಿತ್ತು. ದಿನಾ ಸಂಜೆ ಯಾರು ಯಾವ ಊರಿನಿಂದ ನೋಡಿದರೆಂಬ ಲೆಕ್ಕ ತೆಗೆದು ನೋಡುತ್ತಿದ್ದಳು. ಆದವಾನಿ, ಕೋಸಗಿ, ಬಳ್ಳಾರಿ. ಹೈದರಾಬಾದಿನವರೂ ಇಬ್ಬರು ಮೂವರು ಇರುತ್ತಿದ್ದರು. ಆದರೆ ಅವರೆಲ್ಲ ರೇಟು ನೋಡಿ ಮುಚ್ಚಿದವರು. ಮಾದರಿ ನೋಡುವವರು ಹಾಗೆ ನೋಡುವುದಿಲ್ಲ, ಮೂಲೆ ಮೂಲೆ ಒತ್ತುತ್ತಾರೆ. ಅಂಥವರು ಇನ್ನೂ ಬಂದಿರಲಿಲ್ಲ. ಅಮಾವಾಸ್ಯೆಯ ಮುನ್ನಾದಿನ ಹಾರಿಕಾಗೆ ಫೋನ್ ಮಾಡಿದಳು.

"ನಾಳೆ ಒಂದು ದಿನ ಬಿಟ್ಟು ಬೇರೆ ಯಾವತ್ತಾದರೂ ನೋಡಲು ಹೇಳುತ್ತೀಯಾ ತಾಯಿ?"

"ಯಾವತ್ತು ನೋಡುತ್ತಾರೆಂದು ನನಗೂ ಹೇಳುವುದಿಲ್ಲ ಮೇಡಂ," ಎಂದಳು ಹಾರಿಕಾ. ಆಮೇಲೆ ದನಿ ಇಳಿಸಿ, "ಒಂದೇ ದಿನದ ಮಾತಲ್ಲವೇ? ತೆರೆದಿಡಿ. ನಿಮ್ಮ ಹೆಸರು ಬರಬೇಕೆಂದು ನನಗೂ ಆಸೆ ಇದೆ."

ಶಿವಲೀಲಾ "ನೋಡ್ತೀನಿ" ಎಂದಷ್ಟೇ ಹೇಳಿದಳು.

ನೋಡಿದಳು ಕೂಡ. ಪಂಚಾಂಗದ ತಾರೀಖು ತೆಗೆದರೆ ಸಾಕು, ಗೇಟು ಬರುವುದಿಲ್ಲ. ಆ ತಾರೀಖಿನ ಸಾಲನ್ನು ತೆರೆದುಕೊಂಡು ಕೂತಳು. ಅಳಿಸಿದಳು. ಅಳಿಸಿದ ಜಾಗ ನೋಡುತ್ತ ಕೂತಳು. ಹತ್ತಿ ಬಿಡಿಸುವ ಕಾಲ, ಎಲ್ಲರ ಮನೆಯಲ್ಲೂ ಗಾಡಿ ತುಂಬುವಷ್ಟು ಇದೆ. ಈ ಸಲ ಬರುವುದು ಐದಲ್ಲ, ಇಪ್ಪತ್ತು. ಅದೇ ತಾರೀಖನ್ನು ಮತ್ತೆ ಬರೆದು, ಸರಿ ಇದೆಯೇ ಎಂದು ಎರಡು ಸಲ ಓದಿ, ಎದ್ದಳು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮಿಲ್ಲಿನ ರಸ್ತೆಗೆ ನಡೆದುಕೊಂಡು ಹೋದಳು. ಗೇಟಿಗೆ ಸರಪಳಿ ಬಿದ್ದಿತ್ತು, ಕುಂಬಳದ ಚೂರುಗಳಿಗೆ ಎರಡು ಮೇಕೆ ಬಾಯಿ ಹಾಕಿದ್ದವು. ಆ ತುದಿಯಿಂದ ಈ ತುದಿಯ ತನಕ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರೂ ಇಲ್ಲ. ಎದುರಿಗೆ ಚಹಾದಂಗಡಿಯ ಮಾರೆಣ್ಣ ಬೆಂಚಿನ ಮೇಲೆ ಕಾಲು ಚಾಚಿಕೊಂಡಿದ್ದ.

"ಯಾರಿಗೆ ಕಾಯ್ತೀಯಬೇ?"

"ಯಾರಿಗೂ ಇಲ್ಲಣ್ಣ. ಯಾರಾರ ಬಂದಾರೇನು ಅಂತ ನೋಡಾಕ ಬಂದೆ."

"ಯಾಕ ಬರ್ತಾರ? ಮುಚ್ಚೈತಲ್ಲ. ಅಷ್ಟೂ ತಿಳಿಯಲ್ಲೇನು ಮಂದೀಗೆ!"

ಅವಳು ಹೌದು ಎಂದು ತಲೆಯಾಡಿಸಿ, ಒಂದು ಚಹಾ ಕುಡಿದು ಬಂದಳು.

ಸಂಜೆ ಲೆಕ್ಕ ತೆಗೆದಳು. ಬೆಳಿಗ್ಗೆ ಆರರಿಂದ ಇನ್ನೂರ ಹದಿನಾಲ್ಕು ಜನ ಪುಟ ತೆರೆದಿದ್ದರು, ಗೇಟು ನೋಡಿದ್ದರು, ಮನೆಯಲ್ಲಿ ಉಳಿದಿದ್ದರು. ಅದರಲ್ಲಿ ಹೈದರಾಬಾದಿನದು ಒಂದೇ. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಬಂದು, ಗೇಟಿನ ನಾಲ್ಕೂ ಮೂಲೆ ಒತ್ತಿ, ಒಂಬತ್ತು ಸೆಕೆಂಡು ಇದ್ದು ಹೋಗಿದ್ದರು.

ಹಾರಿಕಾಳ ಫೋನ್ ಬರಲಿಲ್ಲ. ವಾರದ ಮೇಲೆ ಕಂಪನಿಯಿಂದ ಅದೇ ಎರಡು ಸಾಲು ಬಂತು, ಈ ಸಲ 'ಸದ್ಯಕ್ಕೆ' ಎಂಬ ಮಾತು ಇರಲಿಲ್ಲ. ಶಿವಲೀಲಾ ಹಾರಿಕಾಗೆ ಒಂದು ಸಲ ಫೋನ್ ಮಾಡಿದಳು, ಗಂಟೆ ಬಾರಿಸಿ ನಿಂತಿತು. ಆ ಹುಡುಗಿ ನನ್ನ ಪರವಾಗಿ ನಿಂತು ತಲೆ ತಗ್ಗಿಸಬೇಕಾಯಿತಲ್ಲ ಎಂಬುದೊಂದೇ ಅವಳಿಗೆ ಬಹಳ ದಿನ ಕೊರೆಯಿತು. ಎರಡನೆಯ ಸಲ ಮಾಡಿ ಆ ಹುಡುಗಿಯನ್ನು ಕಷ್ಟಕ್ಕೆ ಹಾಕಲಿಲ್ಲ.

ಹತ್ತಿಯ ಸುಗ್ಗಿ ಮುಗಿಯುವ ಹೊತ್ತಿಗೆ ಚೆನ್ನೈಯ ಇನ್ನೊಂದು ಕಂಪನಿ ಮಾದರಿ ಕೇಳಿತು. ಐದು ಕಳಿಸಬೇಕು, ಯಾವುದು ಮೊದಲು ಎಂದು ತಾವೇ ಹೇಳಬೇಕು. ಶಿವಲೀಲಾ ಮಿಲ್ಲಿನದನ್ನೇ ಮೊದಲು ಇಟ್ಟಳು. ಅದರ ಕೆಳಗೆ, ಇದು ಈ ದಿನಗಳಲ್ಲಿ ತೆರೆಯುವುದಿಲ್ಲ, ತೆರೆಯದ ಹಾಗೆ ಮಾಡಿದವಳು ನಾನೇ, ನಾನು ಮಾಡಿದ ಹದಿನೇಳರಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೆಲಸ ಅದು ಎಂದು ಬರೆದಳು. ವರ್ಷದ ತಾರೀಖುಗಳನ್ನು ಒಂದರ ಕೆಳಗೆ ಒಂದು ಇಳಿಸಿದಳು. ತಾರೀಖಿನ ಎದುರಿಗೆ ವಾರವನ್ನೂ ಬರೆದಳು, ನೋಡುವವರಿಗೆ ತೊಂದರೆ ಆಗದಿರಲಿ ಎಂದು.

ಕಳಿಸಿ ಆದ ಮೇಲೆ ಸುಂಕಣ್ಣನಿಗೆ ಫೋನ್ ಮಾಡಿದಳು. ಕುರಿ ಯಾವುದೋ ಗದ್ದೆಯಲ್ಲಿ ಮೇಯುತ್ತಿದ್ದವು, ಗಾಳಿಯಲ್ಲಿ ಅವನ ಮಾತು ಹರಿದು ಹರಿದು ಬಂತು.

"ಏನ್ ಸುದ್ದಿಲೇ ಲೀಲಾ? ಆರಾಮ ಅದೀಯಾ?"

"ಆರಾಮ ಅದೀನಿ. ಒಂದು ಕೆಲಸಕ್ಕ ಬರದು ಹಾಕೀನಣ್ಣ."

"ಹಾಂ? ಏನು ಹಾಕೀದಿ?"

"ಏನಿಲ್ಲ. ಕುರಿ ಎಲ್ಲದಾವ ಅಂತ ಕೇಳಿದೆ."

ಅವನು ಊರಿನ ಹೆಸರು ಹೇಳಿದ. ಅಷ್ಟರಲ್ಲಿ ಫೋನ್ ಕಡಿಯಿತು.